ನನ್ನ ತಪ್ಪುಗಳ ನೋಟ್‌ಬುಕ್

ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ಬರೆದ ಮೊದಲ ಮಾಕ್ ಟೆಸ್ಟಿನ ಇಂಗ್ಲಿಷ್ ವಿಭಾಗದಲ್ಲಿ ನನಗೆ ಬಂದದ್ದು 25ಕ್ಕೆ 5 ಅಂಕ. ಒಂದೂ ಬಿಡದೆ 25 ಪ್ರಶ್ನೆಗೂ ಉತ್ತರ ಒತ್ತಿದ್ದೆ. 9 ಸರಿ, 16 ತಪ್ಪು. ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ, ಹಾಗಾಗಿ 9ರಲ್ಲಿ 4 ಹೋಯಿತು. ಗಣಿತ, ರೀಸನಿಂಗ್ ಎರಡರಲ್ಲೂ ಪರವಾಗಿಲ್ಲ ಅನ್ನುವಷ್ಟು ಬಂದಿತ್ತು. ಆದರೆ ಪ್ರತಿ ವಿಭಾಗದಲ್ಲೂ ಕಟ್‌ಆಫ್ ದಾಟಲೇಬೇಕಿತ್ತು. ಇಂಗ್ಲಿಷಿನಲ್ಲಿ ಮುಗ್ಗರಿಸಿದರೆ ಉಳಿದ ಅಂಕ ಇಟ್ಟುಕೊಂಡು ಏನು ಮಾಡೋದು?

ಹತ್ತನೇ ತರಗತಿವರೆಗೂ ನಾನು ಕನ್ನಡ ಮಾಧ್ಯಮದಲ್ಲೇ ಓದಿದ್ದು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು. ನಿಧಾನವಾಗಿ ಬರೆಯಲೂ ಬರುತ್ತಿತ್ತು. ಆದರೆ ನಾಲ್ಕು ತುಂಡು ಮಾಡಿದ ವಾಕ್ಯ ಕೊಟ್ಟು ‘ತಪ್ಪು ಎಲ್ಲಿದೆ ಗುರುತಿಸಿ’ ಅಂದರೆ ನನಗೆ ನಾಲ್ಕೂ ತುಂಡು ಚೆನ್ನಾಗಿಯೇ ಕಾಣುತ್ತಿದ್ದವು. ‘ನೋ ಎರರ್’ ಒತ್ತಿ ಮುಂದೆ ಹೋಗುತ್ತಿದ್ದೆ.

ಎಲ್ಲರೂ ಮಾಡುವ ಹಾಗೆ ಒಂದು ದಪ್ಪ ಗ್ರಾಮರ್ ಪುಸ್ತಕ ತಂದೆ. ಮೊದಲ ಪುಟದಿಂದ ಶುರು. ನೌನ್, ಪ್ರೊನೌನ್, ಅಡ್ಜೆಕ್ಟಿವ್. ಹನ್ನೆರಡು ಮನೆಯ ಟೆನ್ಸ್ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಿಯಮಗಳೆಲ್ಲ ಬಾಯಿಗೆ ಬಂದವು. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’. ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಅಡ್ವೈಸ್’ ಇವಕ್ಕೆ ಬಹುವಚನದ ‘ಎಸ್’ ಸೇರಿಸಬಾರದು. ‘ನ್ಯೂಸ್’ ನೋಡಲು ಬಹುವಚನ, ಲೆಕ್ಕಕ್ಕೆ ಏಕವಚನ. ಎಲ್ಲಾ ಗೊತ್ತು. ಟೆಸ್ಟಿಗೆ ಕೂತರೆ ಮಾತ್ರ 7, 6, 8.

ಸೇರಿಕೊಂಡಿದ್ದ ಕ್ಲಾಸಿನಲ್ಲಿ ಒಂದು ಮಾತು ಪದೇ ಪದೇ ಹೇಳುತ್ತಿದ್ದರು. ವಾಕ್ಯವನ್ನು ಮನಸ್ಸಿನಲ್ಲೇ ಓದಿ, ಕಿವಿಗೆ ಸರಿ ಅನ್ನಿಸಿದರೆ ಸರಿ, ಇಲ್ಲದಿದ್ದರೆ ತಪ್ಪು ಅಂತ. ಮನೆಯಲ್ಲಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತಾ ಬೆಳೆದವರಿಗೆ ಇದು ಒಳ್ಳೆಯ ಸಲಹೆಯೇ. ನನ್ನ ಕಿವಿ ಬೆಳೆದದ್ದು ಕನ್ನಡದಲ್ಲಿ. ಅದಕ್ಕೆ ಸರಿ ಅನ್ನಿಸಿದ್ದೆಲ್ಲ ಇಂಗ್ಲಿಷಿನಲ್ಲಿ ತಪ್ಪಾಗಿರುತ್ತಿತ್ತು.

ಇದು ಗೊತ್ತಾಗಿದ್ದು ಅಕ್ಕನಿಂದ. ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಇಂಗ್ಲಿಷ್ ಅಂದರೆ ಅವಳಿಗೂ ಅಷ್ಟಕ್ಕಷ್ಟೇ. ಒಂದು ಭಾನುವಾರ ನಾನು ಆವರೆಗಿನ ಟೆಸ್ಟುಗಳ ತಪ್ಪುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತಿದ್ದೆ. ಅವಳು ಹಿಂದಿನಿಂದ ಬಗ್ಗಿ ನೋಡಿದಳು.

“ಇದರಲ್ಲಿ ಏನೋ ತಪ್ಪು?”

ನಾನು ಬರೆದಿದ್ದ ವಾಕ್ಯ ಹೀಗಿತ್ತು: ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’

“‘ಸಿನ್ಸ್’ ಅಲ್ಲ ಅಕ್ಕ, ‘ಫಾರ್’ ಬರಬೇಕು. ‘ಆಮ್ ಲಿವಿಂಗ್’ ಕೂಡ ತಪ್ಪು, ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕು. ರೂಲ್ ಗೊತ್ತು. ಆದರೂ ಪ್ರತಿ ಸಲ ತಪ್ಪು ಮಾಡ್ತೀನಿ.”

“ಕನ್ನಡದಲ್ಲಿ ಹೇಳು ನೋಡೋಣ.”

“ಐದು ವರ್ಷದಿಂದ ಇಲ್ಲಿ ಇದೀನಿ.”

“ಸೋಮವಾರದಿಂದ ಜ್ವರ ಅಂತೀವಿ. ಐದು ವರ್ಷದಿಂದ ಇದೀನಿ ಅಂತೀವಿ. ಎರಡಕ್ಕೂ ‘ಇಂದ’ನೇ ಅಲ್ವೇನೋ? ನಿನಗೆ ಎರಡೂ ಒಂದೇ ಥರ ಕೇಳಿಸುತ್ತೆ. ಅದಕ್ಕೇ ‘ಸಿನ್ಸ್’ ಹಾಕ್ತೀಯ. ‘ಇದೀನಿ’ ಅನ್ನೋದು ವರ್ತಮಾನ, ಅದಕ್ಕೇ ‘ಆಮ್’ ಹಾಕ್ತೀಯ.”

ನಾನು ಪೆನ್ನು ಕೆಳಗಿಟ್ಟೆ. ಸಿನ್ಸ್ ಬರುವುದು ಯಾವಾಗ ಶುರುವಾಯಿತು ಅನ್ನುವುದಕ್ಕೆ, ಫಾರ್ ಬರುವುದು ಎಷ್ಟು ಕಾಲ ಅನ್ನುವುದಕ್ಕೆ. ಈ ನಿಯಮವನ್ನು ಐವತ್ತು ಸಲ ಓದಿದ್ದೆ. ಆದರೆ ನಾನು ಯಾಕೆ ಮತ್ತೆ ಮತ್ತೆ ಅದೇ ಗುಂಡಿಗೆ ಬೀಳುತ್ತೇನೆ ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ, ಆ ಪುಸ್ತಕಕ್ಕೆ ಕನ್ನಡ ಗೊತ್ತಿಲ್ಲವಲ್ಲ.

ಅವತ್ತು ರಾತ್ರಿ ಹನ್ನೊಂದರವರೆಗೂ ಇಬ್ಬರೂ ಕೂತೆವು. ನಾನು ತಪ್ಪು ವಾಕ್ಯ ಓದುವುದು, ಅವಳು ಅದರ ಅಡಿಯಲ್ಲಿರುವ ಕನ್ನಡವನ್ನು ಹೊರಗೆ ತೆಗೆಯುವುದು. ಸುಮಾರು 140 ತಪ್ಪುಗಳಿದ್ದವು. ಅರ್ಧಕ್ಕಿಂತ ಜಾಸ್ತಿ ತಪ್ಪುಗಳ ಕೆಳಗೆ ಒಂದು ಒಳ್ಳೆಯ ಕನ್ನಡ ವಾಕ್ಯ ಕೂತಿತ್ತು.

ಉದಾಹರಣೆಗೆ ‘ಡಿಸ್ಕಸ್ ಅಬೌಟ್’. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ. ನಾವು ಒಂದು ವಿಷಯದ ಬಗ್ಗೆ ಚರ್ಚೆ ಮಾಡುತ್ತೇವೆ, ಆ ‘ಬಗ್ಗೆ’ ಸುಮ್ನೆ ಜೊತೆಗೆ ಬಂದುಬಿಡುತ್ತದೆ. ‘ಆಂಗ್ರಿ ಆನ್ ಮಿ’ ಅಂತ ಬರೆದಿದ್ದೆ. ಕನ್ನಡದಲ್ಲಿ ಕೋಪ ಬರುವುದು ನನ್ನ ‘ಮೇಲೆ’. ಇಂಗ್ಲಿಷಿನಲ್ಲಿ ಅದು ‘ವಿತ್’. ಗಣಿತ‘ದಲ್ಲಿ’ ಜಾಣ ಅನ್ನುತ್ತೇವೆ, ಅದಕ್ಕೇ ‘ಗುಡ್ ಇನ್ ಮ್ಯಾಥ್ಸ್’. ಬೇಕಾದದ್ದು ‘ಗುಡ್ ಅಟ್’. ಅವಳ ‘ಜೊತೆ’ ಮದುವೆಯಾದ, ಹಾಗಾಗಿ ‘ಮ್ಯಾರೀಡ್ ವಿತ್ ಹರ್’. ಅಲ್ಲಿ ‘ವಿತ್’ ಬೇಕಾಗಿಯೇ ಇಲ್ಲ. ಅವನಿ‘ಗಿಂತ’ ಸೀನಿಯರ್ ಅನ್ನುವ ನಾಲಿಗೆ ‘ಸೀನಿಯರ್ ದ್ಯಾನ್’ ಅನ್ನದೆ ಇನ್ನೇನು ಹೇಳೀತು? ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಇವೆಲ್ಲ ಲ್ಯಾಟಿನ್‌ನಿಂದ ಬಂದವು, ಇವಕ್ಕೆ ‘ಟು’ ಬೇಕು. ‘ಪ್ರಿಫರ್’ಗೂ ‘ಟು’.

‘ತುಂಬಾ’ ಇನ್ನೊಂದು. ತುಂಬಾ ಚೆನ್ನಾಗಿದೆ, ತುಂಬಾ ದೂರ, ತುಂಬಾ ಕಷ್ಟ. ನನಗೆ ‘ವೆರಿ’ ಮತ್ತು ‘ಟೂ’ ಎರಡೂ ತುಂಬಾನೇ. ಆದರೆ ಇಂಗ್ಲಿಷಿನಲ್ಲಿ ‘ಟೂ’ ಅಂದರೆ ಅತಿಯಾಯಿತು, ಅದರಿಂದ ಏನೋ ಕೆಲಸ ಕೆಡುತ್ತದೆ ಎಂಬ ಧ್ವನಿ ಇರುತ್ತದೆ. ‘ಟೂ ಹೆವಿ ಟು ಲಿಫ್ಟ್’, ಅಂದರೆ ಎತ್ತಲಾಗದಷ್ಟು ಭಾರ.

ಇಬ್ಬರೂ ಬರಲಿಲ್ಲ. ಎಷ್ಟು ಸಲೀಸಾದ ಕನ್ನಡ ವಾಕ್ಯ! ಅದನ್ನು ‘ಬೋತ್ ಡಿಡ್ ನಾಟ್ ಕಮ್’ ಅಂತ ಬರೆದರೆ ತಪ್ಪು. ‘ನೀದರ್ ಕೇಮ್’ ಅನ್ನಬೇಕು. ನಿಷೇಧ ಕ್ರಿಯಾಪದದಿಂದ ಜಿಗಿದು ಮುಂದೆ ಹೋಗಿ ಕೂರುತ್ತದೆ.

ಟ್ಯಾಗ್ ಕ್ವೆಶ್ಚನ್ ನೋಡಿ ಅಕ್ಕ ನಕ್ಕೇಬಿಟ್ಟಳು. ನಮಗೆ ಒಂದೇ ‘ಅಲ್ವಾ’ ಸಾಕು. ಅವನು ಬಂದ ಅಲ್ವಾ, ನೀವು ಹೋಗ್ತೀರಿ ಅಲ್ವಾ, ಅವಳಿಗೆ ಈಜು ಬರುತ್ತೆ ಅಲ್ವಾ. ಇಂಗ್ಲಿಷಿನಲ್ಲಿ ಪ್ರತಿ ಸಲವೂ ಬಾಲ ಬದಲಾಗುತ್ತದೆ: ‘ಡಿಡಂಟ್ ಹಿ’, ‘ವೋಂಟ್ ಯೂ’, ‘ಕಾಂಟ್ ಶಿ’. ನಾನು ಎಲ್ಲದಕ್ಕೂ ‘ಇಸಂಟ್ ಇಟ್’ ಅಂಟಿಸಿಕೊಂಡು ಬಂದಿದ್ದೆ. “ಒಂದು ಅಲ್ವಾಗೆ ಇಷ್ಟೊಂದು ಬೇಕೇನೋ?” ಅಂದಳು. ಬೇಕು. ವಾಕ್ಯಕ್ಕೆ ಹೌದು ಇದ್ದರೆ ಬಾಲಕ್ಕೆ ಇಲ್ಲ, ವಾಕ್ಯಕ್ಕೆ ಇಲ್ಲ ಇದ್ದರೆ ಬಾಲಕ್ಕೆ ಹೌದು.

ಆವತ್ತಿನಿಂದ ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಹಾಕಿದೆ. ಒಂದರಲ್ಲಿ ನಾನು ಬರೆದದ್ದು, ಇನ್ನೊಂದರಲ್ಲಿ ಸರಿಯಾದದ್ದು, ನಡುವೆ ಕನ್ನಡ. ಗ್ರಾಮರ್ ಪುಸ್ತಕದ ಅಧ್ಯಾಯಗಳ ಕ್ರಮ ಬಿಟ್ಟೆ. ‘ಇಂದ’ದ ತಪ್ಪುಗಳಿಗೆ ಒಂದು ಪುಟ, ‘ಬಗ್ಗೆ’ಗೆ ಒಂದು, ‘ಅಲ್ವಾ’ಗೆ ಒಂದು. ಟೆಸ್ಟಿನಲ್ಲಿ ವಾಕ್ಯ ಓದುವಾಗ ಅದು ಕನ್ನಡದಲ್ಲಿ ಸರಾಗವಾಗಿ ಕೇಳಿಸಿತು ಅಂದರೆ ಅಲ್ಲೇ ನಿಂತು ಇನ್ನೊಮ್ಮೆ ನೋಡುತ್ತಿದ್ದೆ. ಕಿವಿ ಬಳಸುವುದನ್ನು ನಿಲ್ಲಿಸಲಿಲ್ಲ. ಅದು ‘ಸರಿ’ ಅಂದಾಗ ಅನುಮಾನ ಪಡುವುದನ್ನು ಕಲಿತೆ, ಅಷ್ಟೆ.

ಆರ್ಟಿಕಲ್ ಮಾತ್ರ ಜಗ್ಗಲಿಲ್ಲ. ‘ಎ’, ‘ಆ್ಯನ್’, ‘ದಿ’. ಕನ್ನಡದಲ್ಲಿ ಇವಕ್ಕೆ ಸಮನಾದ ಪದಗಳೇ ಇಲ್ಲ, ಹಾಗಾಗಿ ಅಡಿಯಲ್ಲಿ ಹುಡುಕಲೂ ಏನೂ ಇಲ್ಲ ಅಂದುಕೊಂಡಿದ್ದೆ. ಎಲ್ಲಿ ‘ದಿ’ ಹಾಕಬೇಕು ಅನ್ನುವುದಕ್ಕೆ ಪುಸ್ತಕದಲ್ಲಿ ಇಪ್ಪತ್ತು ನಿಯಮ. ನದಿಗೆ ‘ದಿ’, ಒಂಟಿ ಬೆಟ್ಟಕ್ಕೆ ಇಲ್ಲ, ಬೆಟ್ಟಸಾಲಿಗೆ ಇದೆ. ಸಾಕಾಯಿತು.

ಇದಕ್ಕೂ ಅಕ್ಕನ ಹತ್ತಿರವೇ ಹೋದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ಕೇಳಿದಳು, “ಕಥೆ ಹೇಳುವಾಗ ಹೇಗೆ ಶುರು ಮಾಡ್ತೀವಿ?”

“ಒಂದೂರಲ್ಲಿ ಒಬ್ಬ ರಾಜ ಇದ್ದ.”

“ಮುಂದೆ?”

“ಆ ರಾಜನಿಗೆ ಇಬ್ಬರು ಹೆಂಡಿರು.”

“ಮೊದಲು ‘ಒಬ್ಬ’, ಆಮೇಲೆ ‘ಆ’. ನಿನ್ನ ಆರ್ಟಿಕಲ್ ಇದೇ ಇರಬೇಕು ಕಣೋ.”

ಅದೇ. ಕೇಳುವವನಿಗೆ ಇನ್ನೂ ಪರಿಚಯವಿಲ್ಲದ ರಾಜ ‘ಎ ಕಿಂಗ್’. ಒಮ್ಮೆ ಪರಿಚಯವಾದ ಮೇಲೆ ‘ದಿ ಕಿಂಗ್’. ಅವಳು ಅಲ್ಲಿಗೇ ಬಿಡಲಿಲ್ಲ. ‘ಪೆನ್ನು ಹುಡುಕುತ್ತಿದ್ದೇನೆ’ ಮತ್ತು ‘ಪೆನ್ನನ್ನು ಹುಡುಕುತ್ತಿದ್ದೇನೆ’, ಎರಡನ್ನೂ ಬರೆದು ತೋರಿಸಿದಳು. ಮೊದಲನೆಯದರಲ್ಲಿ ಯಾವ ಪೆನ್ನಾದರೂ ಆಗುತ್ತದೆ. ಎರಡನೆಯದರಲ್ಲಿ ಕಳೆದುಹೋದ ಆ ಒಂದು ಪೆನ್ನೇ ಬೇಕು. ದ್ವಿತೀಯಾ ವಿಭಕ್ತಿಯ ‘ಅನ್ನು’ ಹಚ್ಚಿದ ತಕ್ಷಣ ಪೆನ್ನು ನಿರ್ದಿಷ್ಟವಾಯಿತು. ಎಲ್ಲಾ ಕಡೆ ಇದು ಹೀಗೆ ಲೆಕ್ಕಕ್ಕೆ ಸಿಗುವುದಿಲ್ಲ, ನಿಜ. ಆದರೂ ನಾನು ಹುಟ್ಟಿದಾಗಿನಿಂದ ಈ ವ್ಯತ್ಯಾಸ ಮಾಡುತ್ತಲೇ ಬಂದಿದ್ದೆ, ಅದಕ್ಕೊಂದು ಇಂಗ್ಲಿಷ್ ಹೆಸರು ಇದೆ ಅಂತ ಗೊತ್ತಿರಲಿಲ್ಲ. ನದಿ, ಬೆಟ್ಟಗಳ ನಿಯಮಗಳನ್ನು ಆಮೇಲೆ ಬಾಯಿಪಾಠವೇ ಮಾಡಿದೆ, ಅದಕ್ಕೆ ಬೇರೆ ದಾರಿ ಇಲ್ಲ.

‘ಎ’ ಮತ್ತು ‘ಆ್ಯನ್’ಗೆ ಕನ್ನಡ ಲಿಪಿಯೇ ಸಹಾಯಕ್ಕೆ ಬಂತು. ಇಲ್ಲಿ ಲೆಕ್ಕಕ್ಕೆ ಬರುವುದು ಕಾಗುಣಿತವಲ್ಲ, ಉಚ್ಚಾರಣೆ. ಪದವನ್ನು ಕನ್ನಡದಲ್ಲಿ ಬರೆದು ನೋಡಿದರೆ ಸಾಕು. ‘ಅವರ್’, ‘ಆನೆಸ್ಟ್’ ಸ್ವರದಿಂದ ಶುರುವಾಗುತ್ತವೆ, ‘ಆ್ಯನ್’. ‘ಯೂನಿವರ್ಸಿಟಿ’, ‘ಯುರೋಪಿಯನ್’ ಯಕಾರ, ‘ಎ’. ‘ಎಂಎಲ್‌ಎ’ ಎಕಾರ, ‘ಆ್ಯನ್’. ಒಂದೇ ಒಂದು ಕಡೆ ಈ ಉಪಾಯ ಕೈಕೊಟ್ಟಿತು. ನಾವು ‘ಒನ್’ ಅಂತ ಬರೆಯುತ್ತೇವೆ, ಅವರು ಹೇಳುವುದು ‘ವನ್’. ಹಾಗಾಗಿ ‘ಎ ಒನ್-ಡೇ ಮ್ಯಾಚ್’. ಆ ಒಂದು ಪ್ರಶ್ನೆಗೆ ಎರಡು ಟೆಸ್ಟಿನಲ್ಲಿ ಅಂಕ ಕಳೆದುಕೊಂಡೆ.

ವ್ಯಾಕರಣದ ಕಥೆ ಹೀಗಾದರೆ ಪದಗಳದ್ದು ಬೇರೆ. ಕ್ಲಾಸಿನಲ್ಲಿ ದಿನಕ್ಕೆ 50 ಪದಗಳ ಪಟ್ಟಿ ಕೊಡುತ್ತಿದ್ದರು, ಅದೂ ಅಕಾರಾದಿಯಲ್ಲಿ. ಅಬೇಟ್, ಅಬೆಟ್, ಅಬ್ಹಾರ್, ಅಬ್‌ಜ್ಯೂರ್, ಆ್ಯಬ್‌ಸ್ಟೇನ್. ಒಂದರ ಪಕ್ಕ ಒಂದು ಇಟ್ಟರೆ ಎಲ್ಲವೂ ಒಂದೇ ಮುಖದ ಅಣ್ಣತಮ್ಮಂದಿರ ಹಾಗೆ. ‘ಅಬೇಟ್’ ಅಂದರೆ ಕಡಿಮೆಯಾಗುವುದು, ‘ಅಬೆಟ್’ ಅಂದರೆ ಕೆಟ್ಟ ಕೆಲಸಕ್ಕೆ ಕುಮ್ಮಕ್ಕು ಕೊಡುವುದು. ಇವತ್ತಿಗೂ ಒಂದು ಕ್ಷಣ ತಡೆದೇ ಹೇಳುತ್ತೇನೆ. ಆರು ವಾರ ಆದರೂ ನಾನು ‘ಸಿ’ ಅಕ್ಷರ ದಾಟಲಿಲ್ಲ. ಪದಗಳನ್ನು ಅಕಾರಾದಿಯಲ್ಲಿ ಕಲಿಸುವುದು ಅಂದರೆ ಗೊಂದಲ ಮಾಡಿಕೊಳ್ಳಿ ಅಂತ ಹೇಳಿಕೊಟ್ಟ ಹಾಗೆ. ಆ ಪಟ್ಟಿ ನಿಘಂಟಿಗೆ ಸರಿ, ತಲೆಗೆ ಅಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು. ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದ ಇಂಗ್ಲಿಷ್ ಪದಗಳೇ ನನಗೆ ಗೊತ್ತಿರಲಿಲ್ಲ. ‘ಮೋಸ್ಟ್‌ಲಿ’ ತಗೊಳ್ಳಿ. ‘ಮೋಸ್ಟ್‌ಲಿ ನಾಳೆ ಬರ್ತಾನೆ’ ಅನ್ನುತ್ತೇವೆ. ಅಂದರೆ ಬಹುಶಃ. ಇಂಗ್ಲಿಷಿನಲ್ಲಿ ಅದರ ಅರ್ಥ ಬಹುಪಾಲು, ಹೆಚ್ಚಾಗಿ. ‘ಬಹುಶಃ’ಕ್ಕೆ ಅವರದ್ದು ‘ಪ್ರಾಬಬ್ಲಿ’. ಒಂದು ಕ್ಲೋಸ್ ಟೆಸ್ಟಿನಲ್ಲಿ, ಅಂದರೆ ಪ್ಯಾಸೇಜಿನ ಖಾಲಿ ಜಾಗಗಳಿಗೆ ಪದ ಆರಿಸುವ ಪ್ರಶ್ನೆಯಲ್ಲಿ, ಎರಡೂ ಆಯ್ಕೆಯಲ್ಲಿದ್ದವು. ನಾನು ಕಣ್ಣುಮುಚ್ಚಿ ‘ಮೋಸ್ಟ್‌ಲಿ’ ಒತ್ತಿದೆ. ‘ಡೌಟ್’ ಕೂಡ ಹಾಗೆಯೇ. ಕ್ಲಾಸಿನಲ್ಲಿ ‘ಸರ್, ಒಂದು ಡೌಟು’ ಅಂದರೆ ಒಂದು ಪ್ರಶ್ನೆ ಇದೆ ಅಂತ. ಇಂಗ್ಲಿಷಿನ ‘ಡೌಟ್’ ಅಪನಂಬಿಕೆಗೆ ಹತ್ತಿರ. ಕನ್ನಡಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಇಲ್ಲಿಯವೇ ಆಗಿಹೋಗಿವೆ. ಅವನ್ನು ವಾಪಸ್ ಕರೆದುಕೊಂಡು ಹೋದರೆ ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ.

‘ಮಾಡು’ ಅನ್ನುವ ನಮ್ಮ ಒಂದು ಪದ ನನ್ನಿಂದ ಎಷ್ಟು ಅಂಕ ಕಿತ್ತುಕೊಂಡಿತೋ. ತಪ್ಪು ಮಾಡು, ಹೋಮ್‌ವರ್ಕ್ ಮಾಡು, ಸ್ನಾನ ಮಾಡು, ಅಪರಾಧ ಮಾಡು, ಫೋನ್ ಮಾಡು. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡೂ’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ಅಪರಾಧಕ್ಕೆ ‘ಕಮಿಟ್’. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ನಾವು ಯಾಕೆ ನಿದ್ದೆಯನ್ನೂ ‘ಮಾಡು’ತ್ತೇವೆ ಅಂತ ಅವರು ಕೇಳಿದರೆ ನಮ್ಮಲ್ಲೂ ಉತ್ತರ ಇಲ್ಲ. ಹಾಗಾಗಿ ಬಿಡಿ ಪದ ಬರೆಯುವುದನ್ನು ಬಿಟ್ಟು ಜೋಡಿ ಬರೆಯತೊಡಗಿದೆ. ‘ಕಮಿಟ್’ ಅಂತ ಒಂದೇ ಅಲ್ಲ, ‘ಕಮಿಟ್ ಎ ಕ್ರೈಮ್’. ‘ಹೆವಿ’ ಅಂತ ಅಲ್ಲ, ‘ಹೆವಿ ರೇನ್’.

ಬೇರುಗಳ ದಾರಿ ಹಿಡಿದದ್ದು ಆಮೇಲೆ. ಲ್ಯಾಟಿನ್, ಗ್ರೀಕ್ ಮೂಲಗಳನ್ನು ಕಲಿತರೆ ಪದಗಳು ಗೊಂಚಲಾಗಿ ಬರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಇನ್ನೊಂದು ಪಟ್ಟಿಯಾಗಿ ಮಾತ್ರ ಕಂಡಿತ್ತು. ‘ಡೆಂಟ್’ ಅಂದರೆ ಹಲ್ಲು ಅಂತ ಬರೆದುಕೊಳ್ಳುವಾಗ ಕೈ ನಿಂತಿತು. ಡೆಂಟ್, ದಂತ. ‘ಪೆಡ್’ ಅಂದರೆ ಕಾಲು. ಪಾದ! ‘ಮೆಟರ್ನಲ್’ ಎದುರು ಮಾತೃ, ‘ವಿಡೋ’ ಎದುರು ವಿಧವೆ, ‘ವೋಕಲ್’ ಎದುರು ವಾಕ್, ‘ಜುವೆನೈಲ್’ ಎದುರು ಯುವ. ಒಂದೊಂದೇ ಸಾಲಾಗಿ ಬಂದು ನಿಂತವು.

1786ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಮಾಡಿದ ಭಾಷಣದಲ್ಲಿ ಇದೇ ಮಾತು ಇತ್ತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಅವರು ಹೇಳಿದ್ದರು. ಕನ್ನಡ ದ್ರಾವಿಡ ಭಾಷೆ, ಆ ಮನೆತನದ್ದಲ್ಲ. ಹಲ್ಲು, ಕಾಲು ಅನ್ನುವ ನಮ್ಮ ಸ್ವಂತ ಪದಗಳಿಗೆ ಇಂಗ್ಲಿಷಿನ ನಂಟಿಲ್ಲ. ಆದರೆ ನಾವು ಸಂಸ್ಕೃತದಿಂದ ಸಾಲ ತಂದ ಪದಗಳಿವೆಯಲ್ಲ, ಅವು ಬರುವಾಗ ನೆಂಟರ ವಿಳಾಸವನ್ನೂ ತಂದಿವೆ.

ನನಗೆ ತುಂಬಾ ಖುಷಿ ಕೊಟ್ಟದ್ದು ‘ಅಮೃತ’. ಮೃತ ಅಂದರೆ ಸತ್ತ, ಮುಂದೆ ‘ಅ’ ಸೇರಿದರೆ ಸಾವಿಲ್ಲದ. ‘ಇಮ್ಮಾರ್ಟಲ್’ ಕೂಡ ಹಾಗೇ ಕಟ್ಟಿದ್ದು: ‘ಮಾರ್ಟ್’ ಸಾವು, ಮುಂದಿನ ‘ಇಮ್’ ಇಲ್ಲ. ಇದೊಂದು ಹಿಡಿದರೆ ಮಾರ್ಟಲ್, ಮಾರ್ಚುವರಿ, ಸಾಯುವ ಸ್ಥಿತಿಯ ‘ಮಾರಿಬಂಡ್’, ಎಲ್ಲವೂ ಹಿಂದೆ ಬಂದವು. ‘ಅಗ್ನಾಸ್ಟಿಕ್’ ಪದವನ್ನು ಮೂರು ಸಲ ಮರೆತಿದ್ದೆ. ಅದರಲ್ಲಿರುವ ‘ಗ್ನೋ’ ನಮ್ಮ ‘ಜ್ಞಾ’ದ ನೆಂಟ, ಮುಂದಿನದು ‘ಅ’. ಅಜ್ಞ. ನಾಲ್ಕನೇ ಸಲ ಮರೆಯಲಿಲ್ಲ.

ಬೇರುಗಳನ್ನು ಪೂರ್ತಿ ನಂಬಿದರೆ ಕೆಡುತ್ತೇವೆ, ಅದನ್ನೂ ಹೇಳಬೇಕು. ‘ಪೆಡೆಸ್ಟ್ರಿಯನ್’ ಕಾಲ್ನಡಿಗೆಯವನು. ಆದರೆ ‘ಪೀಡಿಯಾಟ್ರಿಶಿಯನ್’ ಕಾಲಿನ ಡಾಕ್ಟರಲ್ಲ, ಮಕ್ಕಳ ಡಾಕ್ಟರ್. ಅದು ಗ್ರೀಕಿನ ಮಗು. ‘ಇನ್’ ಬಂದರೆ ‘ಅಲ್ಲ’ ಅಂದುಕೊಂಡು ‘ಇನ್‌ಫ್ಲೇಮಬಲ್’ ಅಂದರೆ ಬೆಂಕಿ ಹತ್ತದ್ದು ಅಂತ ಒತ್ತಿದೆ. ಅದರ ಅರ್ಥ ಬೇಗ ಬೆಂಕಿ ಹತ್ತುವಂಥದ್ದು. ‘ಇನ್‌ವ್ಯಾಲ್ಯುಬಲ್’ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಸಮಾನಾರ್ಥಕ ಪದಗಳ ವಿಷಯದಲ್ಲೂ ಕನ್ನಡದಿಂದಲೇ ಒಂದು ಹೊಳಹು ಸಿಕ್ಕಿತು. ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡೆರಡು ಪದ ಇರುತ್ತವೆ: ‘ಆಸ್ಕ್’ ಮತ್ತು ‘ಇನ್‌ಕ್ವೈರ್’, ‘ಬಿಗಿನ್’ ಮತ್ತು ‘ಕಮೆನ್ಸ್’, ‘ಕಿಂಗ್ಲಿ’ ಮತ್ತು ‘ರಾಯಲ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು, ಜನರ ಮಾತು ಇಂಗ್ಲಿಷಾಗಿಯೇ ಉಳಿಯಿತು. ಹಾಗಾಗಿ ಮನೆಯ ಪದ ಒಂದು, ಕಚೇರಿಯ ಪದ ಒಂದು. ನಮ್ಮಲ್ಲಿ ಹಲ್ಲು ಮತ್ತು ದಂತ ಇಲ್ಲವೇ? ಬೋರ್ಡಿನ ಮೇಲೆ ‘ದಂತ ವೈದ್ಯರು’ ಅಂತ ಬರೆಯುತ್ತೇವೆ. ಆದರೆ ‘ನನ್ನ ದಂತ ನೋಯುತ್ತಿದೆ’ ಅಂತ ಯಾರೂ ಅನ್ನುವುದಿಲ್ಲ. ಕ್ಲೋಸ್ ಟೆಸ್ಟಿನಲ್ಲಿ ಎರಡು ಆಯ್ಕೆ ಒಂದೇ ಅರ್ಥ ಕೊಟ್ಟರೆ ಈಗ ಹೀಗೆ ಕೇಳಿಕೊಳ್ಳುತ್ತೇನೆ: ಈ ವಾಕ್ಯಕ್ಕೆ ಬೇಕಿರುವುದು ಹಲ್ಲೋ, ದಂತವೋ?

ಕಲಿತದ್ದು ಉಳಿಯಬೇಕಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ದರು. ಮರೆವು ಮೊದಮೊದಲು ಜೋರು, ಆಮೇಲೆ ನಿಧಾನ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು ಇದಕ್ಕೆ ಕಾರ್ಡು, ಡಬ್ಬಿಗಳ ಪದ್ಧತಿ ಹೇಳಿಕೊಟ್ಟರು. ನೆನಪಾದ ಕಾರ್ಡು ಮುಂದಿನ ಡಬ್ಬಿಗೆ, ಮರೆತದ್ದು ಮತ್ತೆ ಮೊದಲ ಡಬ್ಬಿಗೆ. ನಾನು ಮೂರು ಹಳೆಯ ಲಕೋಟೆ ಇಟ್ಟುಕೊಂಡೆ: ದಿನಾ ನೋಡುವುದು, ನಾಲ್ಕು ದಿನಕ್ಕೊಮ್ಮೆ ನೋಡುವುದು, ಎರಡು ವಾರಕ್ಕೊಮ್ಮೆ ನೋಡುವುದು. ಕೆಲವು ಕಾರ್ಡುಗಳು ಮೊದಲ ಲಕೋಟೆಯಲ್ಲೇ ಮೂಲೆ ಮಡಚಿ, ಬಣ್ಣ ಮಾಸಿ ಮುದುಕಾದವು. ‘ಅಬೆಟ್’ ಅವುಗಳಲ್ಲಿ ಒಂದು.

ಪತ್ರಿಕೆಯ ಸಂಪಾದಕೀಯ ಓದು ಅಂತ ಎಲ್ಲರೂ ಹೇಳುತ್ತಾರೆ, ಓದಿದೆ. ಮೊದಲ ದಿನ ಒಂದೇ ಸಂಪಾದಕೀಯಕ್ಕೆ 40 ನಿಮಿಷ ಹಿಡಿಯಿತು. 31 ಗೊತ್ತಿಲ್ಲದ ಪದ. ಎಲ್ಲಕ್ಕೂ ಕಾರ್ಡು ಮಾಡಿದೆ, ಮೂರು ದಿನಕ್ಕೆ ಸುಸ್ತಾದೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ಮೊದಲ ಸಲ ಸಿಕ್ಕ ಪದಕ್ಕೆ ಪೆನ್ಸಿಲಿನಲ್ಲಿ ಅಡಿಗೆರೆ ಮಾತ್ರ. ಅದೇ ಪದ ಇನ್ನೊಂದು ದಿನ ಇನ್ನೊಂದು ಕಡೆ ಸಿಕ್ಕರೆ ಕಾರ್ಡು. ಎರಡು ಸಲ ಎದುರಾಗದ ಪದ ಪರೀಕ್ಷೆಗೂ ಬರುವುದಿಲ್ಲ ಅಂತ ಧೈರ್ಯ ತಂದುಕೊಂಡೆ. ಒಂದೆರಡು ಬಂದವು. ಹೋಗಲಿ ಬಿಡಿ.

ಓದಿನಿಂದ ಆದ ಲಾಭ ಪದಗಳಿಗಿಂತ ಪ್ಯಾರಾ ಜಂಬಲ್‌ನಲ್ಲಿ ಜಾಸ್ತಿ ಕಂಡಿತು. ಕಲಸಿದ ವಾಕ್ಯಗಳನ್ನು ಕ್ರಮವಾಗಿ ಜೋಡಿಸುವ ಪ್ರಶ್ನೆ ಅದು. ಅಲ್ಲಿ ಅಕ್ಕನ ರಾಜ ಮತ್ತೆ ಬಂದ. ‘ಎ ಸೈಂಟಿಸ್ಟ್’ ಇರುವ ವಾಕ್ಯ ಮೊದಲು, ‘ದಿ ಸೈಂಟಿಸ್ಟ್’ ಇರುವುದು ಆಮೇಲೆ, ‘ಹಿ’ ಅಥವಾ ‘ಶಿ’ ಇರುವುದು ಅದರ ಹಿಂದೆ. ಮೊದಲು ಐದು ನಿಮಿಷ ತಿನ್ನುತ್ತಿದ್ದ ಪ್ರಶ್ನೆಗೆ ಒಂದೂವರೆ ನಿಮಿಷ ಸಾಕಾಯಿತು.

ಇನ್ನೊಂದು ಲೆಕ್ಕವನ್ನು ಮೊದಲೇ ಹಾಕಬೇಕಿತ್ತು. ಐದು ಆಯ್ಕೆ, ತಪ್ಪಿಗೆ ಕಾಲು ಅಂಕ. ಸುಮ್ನೆ ಊಹಿಸಿದರೆ ಐದರಲ್ಲಿ ಒಂದು ಸರಿಯಾಗಿ 1 ಅಂಕ ಬರುತ್ತದೆ, ನಾಲ್ಕು ತಪ್ಪಾಗಿ 1 ಅಂಕ ಹೋಗುತ್ತದೆ. ಸರಾಸರಿ ಲಾಭ ಸೊನ್ನೆ. ಸಮಯ ಮಾತ್ರ ನಷ್ಟ. ಆದರೆ ಎರಡು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಉಳಿದ ಮೂರರಲ್ಲಿ ಒಂದು ಸರಿ, ಎರಡು ತಪ್ಪು. 1 ಬಂದು ಅರ್ಧ ಹೋಗುತ್ತದೆ. ಹಾಗಾಗಿ ಎರಡು ಹೊಡೆಯಲಾದರೆ ಊಹಿಸು, ಇಲ್ಲದಿದ್ದರೆ ಮುಂದೆ ಹೋಗು. ಗಣಿತ ಬರುತ್ತದೆ ಅನ್ನುವ ನಾನು ಈ ಲೆಕ್ಕ ಹಾಕಿದ್ದು ಹದಿನಾಲ್ಕನೇ ಟೆಸ್ಟಿನ ನಂತರ.

ಪರೀಕ್ಷೆಯ ದಿನ ಇಂಗ್ಲಿಷಿಗೆ ಸಿಕ್ಕಿದ್ದು 20 ನಿಮಿಷ. ಸ್ಕ್ರೀನಿನ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಎರಡನೇ ಪ್ರಶ್ನೆಯಲ್ಲೇ ‘ಸಿನ್ಸ್ ಥ್ರೀ ಮಂತ್ಸ್’ ಸಿಕ್ಕಿತು. ಮೂರು ತಿಂಗಳಿಂದ. ಕಿವಿ ‘ಸರಿ’ ಅಂದಿತು. ನಾನು ಆ ತುಂಡನ್ನೇ ಒತ್ತಿದೆ. ಓದುವ ಪ್ಯಾಸೇಜು ಉದ್ದವಿತ್ತು, ಅದರ ಕೊನೆಯ ಎರಡು ಪ್ರಶ್ನೆ ಮುಟ್ಟಲಿಲ್ಲ. ಒಂದು ಈಡಿಯಂ ಯಾವತ್ತೂ ಕೇಳಿರದದ್ದು, ಬಿಟ್ಟೆ. ಖಾಲಿ ಜಾಗ ತುಂಬುವ ಒಂದು ಪ್ರಶ್ನೆಯನ್ನೂ ಬಿಟ್ಟೆ. 21ಕ್ಕೆ ಉತ್ತರ ಕೊಟ್ಟಿದ್ದೆ. 18 ಸರಿ, 3 ತಪ್ಪು, 17.25 ಅಂಕ. ಕಟ್‌ಆಫ್ ದಾಟಿತು. ಮೂರು ತಪ್ಪಿನಲ್ಲಿ ಒಂದು ಆರ್ಟಿಕಲ್ಲಿನದ್ದು.

ಫಲಿತಾಂಶ ಬಂದ ವಾರ ಅಕ್ಕ ನನ್ನ ನೋಟ್‌ಬುಕ್ ಕೇಳಿದಳು. ಅವಳ ಒಂಬತ್ತನೇ ತರಗತಿಯ ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಅಂದರೆ ಬರೀ ಬಾಯಿಪಾಠವಂತೆ. “ಇದರ ನಡುವಿನ ಕಾಲಂ ತೋರಿಸಿದ್ರೆ ‘ಅನ್ನು’, ‘ಇಂದ’ ಏನು ಕೆಲಸ ಮಾಡುತ್ತೆ ಅಂತ ಗೊತ್ತಾಗುತ್ತೆ” ಅಂದಳು. ಕೊಟ್ಟೆ. ಹತ್ತು ದಿನ ಬಿಟ್ಟು ವಾಪಸ್ ಬಂತು. ಕೆಂಪು ಇಂಕಿನಲ್ಲಿ ಮೂರು ಕಡೆ ಸುತ್ತು ಹಾಕಿದ್ದಳು. ಇನ್ನೂ ಎಲ್ಲಿ ಇಂಗ್ಲಿಷ್ ತಪ್ಪು ಉಳಿದಿದೆಯಪ್ಪಾ ಅಂತ ಬಿಡಿಸಿ ನೋಡಿದೆ. ಮೂರೂ ನಡುವಿನ ಕಾಲಂನಲ್ಲಿದ್ದವು. ‘ಉಚ್ಛಾರಣೆ’ ಅಂತ ಬರೆದಿದ್ದೆ. ಪಕ್ಕದಲ್ಲಿ ಅವಳ ದುಂಡು ಅಕ್ಷರ: ‘ಚಕಾರಕ್ಕೆ ಚಕಾರವೇ ಒತ್ತು ಕಣೋ. ಉಚ್ಚಾರಣೆ. ಹತ್ತು ಸಲ ಬರಿ.’